ಬೀರುವಿನಲ್ಲಿ ಉಳಿಯದ ಪುಸ್ತಕ

ನಮ್ಮ ಕ್ರೈಸ್ತ ಸಭೆಗೆ ಸ್ವಂತ ದೇವಾಲಯ ಇರಲಿಲ್ಲ. ಮುಂಬಯಿಯ ಪರೇಲಿನಲ್ಲಿ ಒಂದು ಮರಾಠಿ ಸಭೆಯವರು ಭಾನುವಾರ ಬೆಳಗ್ಗೆ ತಮ್ಮ ಆರಾಧನೆ ಮುಗಿಸಿಕೊಂಡು ಹೋದ ಮೇಲೆ, ಮಧ್ಯಾಹ್ನ ಮೂರು ಗಂಟೆಗೆ ಅದೇ ಬೆಂಚುಗಳ ಮೇಲೆ ನಾವು ಕನ್ನಡದವರು ಕೂರುತ್ತಿದ್ದೆವು. ಊಟ ಮಾಡಿ ಬಂದವರಿಗೆ ತೂಕಡಿಕೆ, ಊಟ ಮಾಡದೆ ಬಂದವರಿಗೆ ಆಕಳಿಕೆ. ಮುಂದಿನ ಬೆಂಚುಗಳಲ್ಲಿ ಉಡುಪಿ, ಮಂಗಳೂರು ಕಡೆಯ ನಾವು. ಹಿಂದಿನ ಬೆಂಚುಗಳಲ್ಲಿ ಗದಗ, ಬೆಟಗೇರಿ, ಹುಬ್ಬಳ್ಳಿ ಕಡೆಯವರು. ಹೀಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ. ನಾವು ಮಾತಾಡಿದರೆ ಅವರು ‘ಪುಸ್ತಕದಾಗಿನ ಕನ್ನಡ’ ಎಂದು ನಗುತ್ತಿದ್ದರು, ಅವರು ಮಾತಾಡಿದರೆ ನಾವು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದೆವು. ಪ್ರಾರ್ಥನೆ ಮುಗಿದರೆ ಅವರು ಅವರ ಲೋಕಲ್‌ಗೆ, ನಾವು ನಮ್ಮ ಬಸ್ಸಿಗೆ.

ಇದು ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ನನಗೆ ಇಪ್ಪತ್ತಾರು. ಪರೇಲಿನ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೆ. ಚೆಂಬೂರಿನಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದೆ. ಮೂಗಿನ ತುದಿಯಲ್ಲೇ ಕೋಪ. ನನ್ನನ್ನು ಕಟ್ಟಿಕೊಳ್ಳುವವನು ತಾಳಿಗಿಂತ ಮೊದಲು ಹದಿನೇಳರ ಮಗ್ಗಿ ಒಪ್ಪಿಸಬೇಕಾದೀತು ಎಂದು ಅಣ್ಣ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ತಪ್ಪು ಕಂಡರೆ ತಿದ್ದದೆ ಬಿಡುವ ಜಾತಿ ನನ್ನದಲ್ಲ. ಬೇರೆಯವರ ತಪ್ಪು ಎಂದು ಸೇರಿಸಿ ಓದಿಕೊಳ್ಳಬೇಕು.

ಆ ವರ್ಷ ನಮಗೆ ಹೊಸ ಸಭಾಪಾಲಕರು, ನಮ್ಮ ಬಾಯಲ್ಲಿ ಅಯ್ಯನವರು, ಬಂದರು. ಬಡಕಲು ದೇಹ, ಅದಕ್ಕಿಂತ ಬಡಕಲು ದನಿ. ಪ್ರಸಂಗದಲ್ಲಿ ಯಾರನ್ನೂ ಅಳಿಸಲೂ ಬರುತ್ತಿರಲಿಲ್ಲ, ಎಚ್ಚರವಾಗಿ ಇಡಲೂ ಬರುತ್ತಿರಲಿಲ್ಲ. ಒಂದು ಭಾನುವಾರ ಶಿಷ್ಯತ್ವದ ಮೇಲೆ ಮಾತಾಡುತ್ತಿದ್ದವರು ನಡುವೆಯೇ ನಿಲ್ಲಿಸಿ, “ಹೋದ ವಾರ ಯಾರ್ಯಾರು ಬಂದಿರಲಿಲ್ಲ, ಹೇಳಿ” ಎಂದರು. ಯಾರಿಗೂ ಹೇಳಲು ಆಗಲಿಲ್ಲ. ಅಲ್ಲಿದ್ದವರು ಎಪ್ಪತ್ತು ಚಿಲ್ಲರೆ ಜನ. ನಮ್ಮ ಪಕ್ಕದಲ್ಲಿ ಕೂತವರನ್ನು ಬಿಟ್ಟರೆ ಬೇರೆಯವರ ಮುಖವೇ ನಮಗೆ ನೆನಪಿರಲಿಲ್ಲ.

ಅಯ್ಯನವರು ಬೈಯಲಿಲ್ಲ. “ಕರ್ತನು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದ. ಒಬ್ಬೊಬ್ಬರೇ ಒಳ್ಳೆಯವರಾಗುವುದಕ್ಕೆ ಸಭೆ ಯಾಕೆ ಬೇಕು, ಮನೆಯಲ್ಲೇ ಆಗಬಹುದು. ಈ ವರ್ಷ ನಾವೆಲ್ಲ ಸೇರಿ ಒಂದೇ ಒಂದು ಕೆಲಸ ಮಾಡೋಣ. ನಮ್ಮಲ್ಲಿ ಯಾರೂ ಯಾರಿಗೂ ಗೊತ್ತಾಗದೆ ಕಾಣೆಯಾಗಬಾರದು. ಭಾನುವಾರ ಬರದವರ ಮನೆಗೆ ಬುಧವಾರದೊಳಗೆ ಇಬ್ಬರು ಹೋಗಬೇಕು. ಅಷ್ಟೆ” ಎಂದರು. ಅವರ ಪ್ರಸಂಗಗಳಲ್ಲಿ ನನಗೆ ಪೂರ್ತಿ ನೆನಪಿರುವುದು ಇದೊಂದೇ.

ಬರದವರು ಯಾರೆಂದು ತಿಳಿಯುವುದು ಹೇಗೆ? ಹಾಜರಿ ಕೂಗುವುದಕ್ಕೆ ಇದು ಶಾಲೆಯೇ ಎಂದು ಒಬ್ಬರು ಗೊಣಗಿದರು. ಆಗ ಎದ್ದು ನಿಂತವಳು ನಾನು. ಮರಾಠಿಯವರು ನಮಗೆ ಒಂದು ಮರದ ಬೀರು ಬಿಟ್ಟುಕೊಟ್ಟಿದ್ದರು. ಆರಾಧನೆಯಲ್ಲಿ ಹಾಡುವ ನಮ್ಮ ಸಂಗೀತದ ಪುಸ್ತಕಗಳೆಲ್ಲ ಅದರಲ್ಲೇ ಇರುತ್ತಿದ್ದವು. ಊರಿನಿಂದ ತರಿಸಬೇಕಾದ ಪುಸ್ತಕಗಳು. ಲೋಕಲ್‌ನ ನೂಕುನುಗ್ಗಲಿನಲ್ಲಿ ಒಯ್ದು ತಂದರೆ ಹರಿದುಹೋಗುತ್ತವೆ ಎಂದು ಯಾರೂ ಮನೆಗೆ ಕೊಂಡೊಯ್ಯುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಗೊತ್ತುಮಾಡಿ, ಬೀರುವಿನಲ್ಲಿ ಒಂದೊಂದಕ್ಕೆ ಒಂದೊಂದು ಗೂಡು ಮಾಡಿದರೆ ಆಯಿತಲ್ಲ ಎಂದೆ. ಬಂದವರು ತಮ್ಮದನ್ನು ತೆಗೆದುಕೊಳ್ಳುತ್ತಾರೆ. ಬೀರುವಿನಲ್ಲಿ ಉಳಿದದ್ದು ಬರದವರದು. ಇಬ್ಬರು ಆ ಪುಸ್ತಕ ಹಿಡಿದು ಅವರ ಮನೆಗೆ ಹೋಗಿ, ಒಂದು ಸಂಗೀತ ಹಾಡಿ, ಪುಸ್ತಕವನ್ನು ವಾಪಸು ತಂದು ಗೂಡಿನಲ್ಲಿಡಬೇಕು. ಯಾವ ಕಾರಣಕ್ಕೂ ಯಾರೂ ಪುಸ್ತಕವನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳಬಾರದು, ಇಟ್ಟುಕೊಂಡರೆ ಎಲ್ಲ ತಲೆಕೆಳಗು. ಎರಡು ಶನಿವಾರ ಕೂತು ಎಲ್ಲ ಪುಸ್ತಕಕ್ಕೂ ಖಾಕಿ ಕಾಗದದ ಹೊದಿಕೆ ಹಾಕಿ ಹೆಸರು ಬರೆದೆ. ಬೀಗದ ಕೈ ನನ್ನ ಸೊಂಟಕ್ಕೆ ಬಂತು. ಹೆಮ್ಮೆಯಿಂದ ನಾನು ಆಗ ಎರಡು ಇಂಚು ಬೆಳೆದಿರಬೇಕು.

ಆದರೆ ಅದು ನಡೆಯಿತು. ಸುಳ್ಳು ಹೇಳಬಾರದು, ಚೆನ್ನಾಗಿಯೇ ನಡೆಯಿತು. ಮುಂದಿನ ಬೆಂಚಿನವರು ಹಿಂದಿನ ಬೆಂಚಿನವರ ಚಾಳ್‌ಗಳ ಏಣಿಮೆಟ್ಟಿಲು ಹತ್ತಿದರು. ಅವರ ಮನೆಯ ರೊಟ್ಟಿ ಚಟ್ನಿಪುಡಿ ತಿಂದು ಕಣ್ಣಲ್ಲಿ ನೀರು ಹಾಕಿಕೊಂಡು ಬಂದರು. ಯಾರದೋ ಕೆಲಸ ಹೋದದ್ದು, ಯಾರದೋ ಮಗು ಸುಟ್ಟುಕೊಂಡದ್ದು ಬುಧವಾರದೊಳಗೆ ಎಲ್ಲರಿಗೂ ತಿಳಿಯತೊಡಗಿತು. ಬೀರು ಖಾಲಿಯಾದ ಭಾನುವಾರ ಅಯ್ಯನವರು ಅದರ ಬಾಗಿಲನ್ನು ತೆರೆದೇ ಬಿಡುತ್ತಿದ್ದರು, ಎಲ್ಲರಿಗೂ ಕಾಣಲಿ ಎಂದು.

ಒಂದು ವಾರ ಉಳಿದದ್ದು ಆಯಾ ಅವರ ಪುಸ್ತಕ. ಪರೇಲಿನ ಒಂದು ಸಣ್ಣ ಹೆರಿಗೆ ಮನೆಯಲ್ಲಿ ದಿನಗೂಲಿಯ ಮೇಲೆ ಆಯಾ ಕೆಲಸ ಮಾಡುತ್ತಿದ್ದ ವಿಧವೆ, ಗದಗಿನ ಕಡೆಯವರು, ವಯಸ್ಸು ನಲವತ್ತೈದು ದಾಟಿರಬೇಕು. ಬಾಗಿಲ ಪಕ್ಕದ ಕೊನೆಯ ಬೆಂಚು ಅವರದು. ಸಂಜೆಯ ಪಾಳಿಗೆ ಓಡಬೇಕಾಗಿದ್ದರಿಂದ ಆಶೀರ್ವಾದ ಮುಗಿಯುತ್ತಲೇ ಎದ್ದು ಹೋಗುತ್ತಿದ್ದರು. ಎಲ್ಲರೂ ಆಯಾ ಎಂದೇ ಕರೆಯುತ್ತಿದ್ದರಿಂದ, ಹೊದಿಕೆಯ ಮೇಲೆ ಬರೆಯಲು ನಾನು ಅವರ ಹೆಸರು ಕೇಳಿದಾಗ ಅವರಿಗೇ ನಗು ಬಂದಿತ್ತು. ಗಂಡನ ತಮ್ಮ ಪರೇಲಿನ ಖೋಲಿಯನ್ನು ತನ್ನದೆಂದು ಹಿಡಿದು ಕೂತದ್ದರಿಂದ ಅವರು ಆ ವಾರ ವಿಕ್ರೋಳಿಯ ಗುಡ್ಡದ ಮೇಲಿನ ಝೋಪಡಿಗೆ ಹೋಗಿದ್ದರು. ಹುಡುಕಿಕೊಂಡು ಹೋದವರು ನಾನು ಮತ್ತು ನಮ್ಮ ಸಭೆಯ ಟೈಪಿಸ್ಟ್ ಹುಡುಗಿ. ಇವಳು ಮುಂಬಯಿಯಲ್ಲೇ ಹುಟ್ಟಿದವಳು. ಕನ್ನಡದಲ್ಲಿ ವಾಕ್ಯ ಶುರುಮಾಡಿದರೆ ಹಿಂದಿಯಲ್ಲಿ ಮುಗಿಸುತ್ತಿದ್ದಳು.

ನಮ್ಮಿಬ್ಬರನ್ನು ಬಾಗಿಲಲ್ಲಿ ಕಂಡು ಆಯಾ ಪಾತ್ರೆ ತೊಳೆಯುತ್ತಿದ್ದ ಕೈಯಲ್ಲೇ ಎದ್ದು ನಿಂತರು. “ನನ್ನ ಹುಡುಕ್ಕೊಂಡು ಬಂದ್ರೇನ್ರೀ ಅಕ್ಕೋರ? ನನ್ನ?” ಎಂದು ಎರಡು ಸಲ ಕೇಳಿದರು. ಆಚೀಚೆಯವರನ್ನೆಲ್ಲ ಕೂಗಿ ಕರೆದು, “ನಮ್ಮ ಸಭಾದಿಂದ ಬಂದಾರ ನೋಡ್ರಿ, ನಾ ಒಂದ್ ವಾರ ಹೋಗಲಿಲ್ಲಂದ್ರ ಇಬ್ರು ಬರ್ತಾರ” ಎಂದು ತೋರಿಸಿದರು. ಪಕ್ಕದ ಝೋಪಡಿಯಲ್ಲಿ ಇದ್ದವರು ಬಿಜಾಪುರದ ಕಡೆಯ ಮುಸಲ್ಮಾನರು. ಗಂಡ ಹತ್ತಿ ಹಿಂಜಿ ಗಾದಿ ಹಾಕುವವನು. ಅವನ ಹೆಂಡತಿ ಓಡಿಹೋಗಿ ಚಹಾ ಮಾಡಿ ತಂದಳು. ನಾವು ಹಾಡಿದೆವು. ಹೊರಡುವಾಗ ಆಯಾ ನನ್ನ ಸೆರಗು ಹಿಡಿದು, ದನಿ ತಗ್ಗಿಸಿ, “ಅಕ್ಕೋರ, ಇಷ್ಟ್ ದಿನಾ ಪುಸ್ತಕ ಸುಮ್ಮನ ಹಿಡ್ಕೊಂಡ್ ಕುಂದರ್ತಿದ್ದೆ. ನನಗ ಓದಾಕ ಬರಂಗಿಲ್ರಿ. ಕಲಸ್ತೀರೇನು?” ಎಂದು ಕೇಳಿದರು.

ಕಲಿಸಿದೆ. ಪ್ರತಿ ಭಾನುವಾರ ಆರಾಧನೆಗೆ ಒಂದು ಗಂಟೆ ಮೊದಲು, ಕಟ್ಟಡದ ಮೆಟ್ಟಿಲ ಮೇಲೆ. ಎಂಟು ತಿಂಗಳಲ್ಲಿ ಅಕ್ಷರಗಳು ಬಂದವು, ಕಾಗುಣಿತ ಬಂತು, ಕೊನೆಗೆ ಸಂಗೀತದ ಪುಸ್ತಕವನ್ನೇ ತೆರೆದೆವು. ಒಂದು ಸಂಗೀತದ ಮೊದಲನೇ ಚರಣವನ್ನು ಆರಿಸಿಕೊಟ್ಟೆ, ನಾಲ್ಕೇ ಸಾಲು. ಮೊದಲ ಸಾಲು ಸಲೀಸು. ಎರಡನೇ ಸಾಲಿನ ನಡುವೆ ಒಂದು ಪದದ ಹತ್ತಿರ ಬಂದರೆ ಆಯಾ ನಿಂತೇ ಬಿಡುತ್ತಿದ್ದರು. ನಾನು ಮಕ್ಕಳಿಗೆ ಮಾಡುವ ಹಾಗೆ ಮೆಟ್ಟಿಲಿಗೆ ಅಂಗೈ ಬಡಿದು, “ಪುನಃ ಮೊದಲಿಂದ!” ಎನ್ನುತ್ತಿದ್ದೆ. ಅವರ ಕಡೆ ಹೀಗೆ ‘ಪುನಃ’ ಎನ್ನುವವರಿಲ್ಲ. ಅದನ್ನು ಕೇಳಿದರೆ ಅವರಿಗೆ ನಗು. ನಗುತ್ತಲೇ ಮೊದಲಿಂದ ಶುರುಮಾಡುತ್ತಿದ್ದರು, ಅದೇ ಜಾಗಕ್ಕೆ ಬಂದು ಮತ್ತೆ ನಿಲ್ಲುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು ನಾನು ಹಾಗೆ ಗದರಿಸುತ್ತಿದ್ದೆ. ಒಂದು ದಿನವೂ ಅವರು ಬೇಸರ ತೋರಿಸಲಿಲ್ಲ.

ಮೇ ತಿಂಗಳು ಬಂತು. ಶಾಲೆಗೆ ರಜೆ, ನಾನು ಊರಿಗೆ ಹೊರಟೆ. ಬೀರುವಿನ ಬೀಗದ ಕೈಯನ್ನು ಟೈಪಿಸ್ಟ್ ಹುಡುಗಿಗೆ ಕೊಟ್ಟೆ. ಹೊರಡುವ ಹಿಂದಿನ ಭಾನುವಾರ ಆಯಾ ಎರಡನೇ ಸಾಲಿನಲ್ಲಿ ಎಡವಿ ಎಡವಿ ನನ್ನ ಸಹನೆ ಮುಗಿಸಿದ್ದರು. “ಈ ಪುಸ್ತಕ ಮನೆಗೆ ಕೊಂಡೋಗಿ. ದಿನಾ ಓದಿ. ನಾನು ಬಂದ ಮೇಲೆ ನಾಲ್ಕೂ ಸಾಲು ನಿಲ್ಲದೆ ಒಪ್ಪಿಸಬೇಕು” ಎಂದೆ.

ಆಯಾ ಪುಸ್ತಕವನ್ನು ತೆಗೆದುಕೊಳ್ಳಲಿಲ್ಲ. “ಬೀರುದಾಗ ಇರಲಿಲ್ಲಂದ್ರ ನಾ ಬಂದೀನಿ ಅಂತ ತಿಳೀತಾರಲ್ರೀ ಅಕ್ಕೋರ. ಲೆಕ್ಕ ತಪ್ಪಂಗಿಲ್ಲೇನು?”

ಇದನ್ನು ನಾನು ಎಷ್ಟೋ ಸಲ ಬರೆಯಲು ಹೊರಟು ಇಲ್ಲಿಗೆ ಬಂದು ನಿಲ್ಲಿಸಿದ್ದೇನೆ. ಎಂಟು ತಿಂಗಳ ಹಿಂದೆ ಅಕ್ಷರ ಗೊತ್ತಿಲ್ಲದಿದ್ದವರು, ನನಗೆ ಹೊಳೆಯಬೇಕಾಗಿದ್ದದ್ದನ್ನು ನನ್ನ ಮುಖದೆದುರೇ ಹೇಳಿದರು. ನಾನೇನು ಹೇಳಿದೆ? “ನಿಯಮ ಮಾಡಿದವಳು ನಾನೇ ಅಲ್ವಾ, ನಾನು ಹೇಳಿ ಹೋಗ್ತೇನೆ” ಎಂದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಪುಸ್ತಕವನ್ನು ಅವರ ಚೀಲದೊಳಗೆ ತುರುಕಿದೆ. ಆಮೇಲೆ ಟಿಕೆಟ್ಟು, ಅತ್ತಿಗೆಯ ಪಟ್ಟಿ, ಅಮ್ಮನಿಗೆ ಸೀರೆ ಎಂಬ ಗಡಿಬಿಡಿಯಲ್ಲಿ ಹುಡುಗಿಗೆ ಹೇಳುವುದನ್ನು ಮರೆತೆ. ಮರೆತೆ ಎನ್ನುವುದಕ್ಕಿಂತ ಬೇರೆ ಕಾರಣ ನನ್ನ ಬಳಿ ಇಲ್ಲ.

ಊರಿನಲ್ಲಿ ನಾಲ್ಕು ವಾರ ಇದ್ದು ಬರಬೇಕಾದವಳು ಐದು ವಾರ ಇದ್ದೆ. ಹಲಸಿನ ಹಪ್ಪಳ ಇನ್ನೂ ಒಣಗಿರಲಿಲ್ಲ, ಒಣಗಿಸಿಕೊಂಡು ಹೋಗು ಎಂದು ಅಮ್ಮ ಹೇಳಿದ್ದೇ ನೆಪ. ಒಂದು ಕಟ್ಟು ಹಪ್ಪಳವನ್ನು ಆಯಾ ಅವರಿಗೆಂದೇ ಬೇರೆ ಕಟ್ಟಿಸಿಕೊಂಡೆ.

ವಾಪಸು ಬಂದ ಮೇಲಿನ ಭಾನುವಾರ ಎರಡು ಗಂಟೆಗೇ ಹೋಗಿ ಮೆಟ್ಟಿಲ ಮೇಲೆ ಕೂತೆ. ಆಯಾ ಬರಲಿಲ್ಲ. ಮೂರು ಗಂಟೆಗೆ ಒಳಗೆ ಹೋದೆ. ಬಾಗಿಲ ಪಕ್ಕದ ಬೆಂಚಿನಲ್ಲಿ ಯಾರೋ ಹೊಸಬರು ಕೂತಿದ್ದರು. ಆರಾಧನೆ ಮುಗಿಯುತ್ತಲೇ ಟೈಪಿಸ್ಟ್ ಹುಡುಗಿಯನ್ನು ಕೇಳಿದೆ.

“ಆಯಾ? ಅವ್ರು ಬರೋಬ್ಬರ್ ಬರ್ತಾ ಇದ್ದಾರೆ ಅಕ್ಕಾ. ನೀವು ಹೋದಾಗಿಂದ ಅವರ ಪುಸ್ತಕ ಒಂದು ವಾರನೂ ಉಳಿದಿಲ್ಲ. ದೇಖೋ” ಎಂದು ಬೀರುವಿನ ಬಾಗಿಲು ತೆರೆದು, ಅವರ ಹೆಸರಿನ ಖಾಲಿ ಗೂಡನ್ನು ತೋರಿಸಿದಳು. ಒಂದೇ ಒಂದು ವಾರವೂ ತಪ್ಪಿಸದೆ ನೋಡಿಕೊಂಡಿದ್ದೇನೆ ಎಂಬ ಸಂತೋಷ ಅವಳ ಮುಖದಲ್ಲಿತ್ತು.

“ಮುಖ ನೋಡಿದೆಯಾ?” ಎಂದು ಕೇಳಿದೆ.

ಅವಳಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದವರನ್ನು ಕೇಳಿದೆ. ಹಿಂದಿನ ಬೆಂಚಿನವರನ್ನು ಕೇಳಿದೆ. ಎಲ್ಲರೂ ಬೀರುವಿನ ಕಡೆ ನೋಡಿ, ಪುಸ್ತಕ ಇಲ್ಲವಲ್ಲ, ಬಂದೇ ಇರಬೇಕು ಎಂದರು. ಅಯ್ಯನವರು ನಮ್ಮನ್ನು ಮೊದಲ ಸಲ ಕೇಳಿದ ದಿನ ಯಾರ ಮುಖವೂ ನಮಗೆ ನೆನಪಿರಲಿಲ್ಲ. ಈಗಲೂ ನೆನಪಿರಲಿಲ್ಲ. ನೆನಪಿಟ್ಟುಕೊಳ್ಳುವ ಕೆಲಸವನ್ನು ನಾವು ಬೀರುವಿಗೆ ಕೊಟ್ಟುಬಿಟ್ಟಿದ್ದೆವು. ನಾನು ಒಬ್ಬಳೇ ಹಪ್ಪಳದ ಕಟ್ಟನ್ನು ಎತ್ತಿಕೊಂಡು ಸ್ಟೇಷನ್ನಿಗೆ ಓಡಿದೆ.

ಗುಡ್ಡ ಹತ್ತಿ ಹೋದಾಗ ಆಯಾ ಅವರ ಝೋಪಡಿಯ ಬಾಗಿಲಿಗೆ ಬೇರೆ ಯಾರದೋ ಪರದೆ ತೂಗುತ್ತಿತ್ತು. ಪಕ್ಕದ ಬಾಗಿಲಲ್ಲಿ ಗಾದಿಯವನ ಹೆಂಡತಿ ಅಕ್ಕಿ ಆರಿಸುತ್ತ ಕೂತಿದ್ದಳು. ನನ್ನನ್ನು ನೋಡಿದಳು, ನನ್ನ ಹಿಂದೆ ನೋಡಿದಳು. “ಇಬ್ರು ಬರ್ತಾರ ಅಂದಿದ್ಲು ಅಕ್ಕಾ. ನೀವ್ ಒಬ್ರ ಬಂದೀರಿ?” ಎಂದಳು.

ಅಲ್ಲೇ ಕಲ್ಲಿನ ಮೇಲೆ ಕೂತೆ. ಅವಳು ಮೊರ ಕೆಳಗಿಟ್ಟು ಎಲ್ಲವನ್ನೂ ಹೇಳಿದಳು. ನಾನು ಊರಿಗೆ ಹೋದ ವಾರವೇ ಆಯಾ ಅವರಿಗೆ ಜ್ವರ ಹಿಡಿದಿದೆ. ಆಮೇಲೆ ಕಣ್ಣು ಹಳದಿಯಾಗಿದೆ. ಇವಳ ಗಂಡ ಕೈಗಾಡಿಯಲ್ಲಿ, ತಾನು ಹಿಂಜಿದ ಹತ್ತಿಯ ಗಾದಿಯ ಮೇಲೆ ಮಲಗಿಸಿಕೊಂಡು ಎರಡು ಸಲ ದವಾಖಾನೆಗೆ ಒಯ್ದಿದ್ದಾನೆ. ಗಂಜಿ ಕುಡಿಸಿದವಳು, ಬಟ್ಟೆ ಒಗೆದವಳು ಇವಳು. ಹೆರಿಗೆ ಮನೆಯಲ್ಲಿ ಅವರ ಜಾಗಕ್ಕೆ ಬದಲಿ ಆಯಾ ಬಂದಾಗಿತ್ತು, ಅಲ್ಲಿಂದ ಕೇಳುವವರು ಯಾರೂ ಇರಲಿಲ್ಲ.

“ನಿಮ್ಮೋರ್ಗೆ ಖಬರ್ ಕಳಸಲೇನು ಅಂತ ದಿನಾ ಕೇಳತಿದ್ದೆ ಜೀ. ಬ್ಯಾಡ ಅಂತಿದ್ಲು. ಅವರಿಗೆ ಹೇಳೂದ ಬ್ಯಾಡ, ಐತವಾರ ಹೋಗಲಿಲ್ಲಂದ್ರ ಬುಧವಾರದೊಳಗ ಬಂದ ಬರ್ತಾರ ಅಂತಿದ್ಲು. ಬುಧವಾರ ಬಂತಂದ್ರ ಬಾಗಿಲಾ ಹಾಕಾಕ ಬಿಡತಿರಲಿಲ್ಲ. ಎರಡು ಕಪ್ಪು ತೊಳದ ಇಡು ಅಂತಿದ್ಲು, ಚಹಾಕ್ಕ.”

“ಎಷ್ಟು ಬುಧವಾರ?” ಎಂದು ಕೇಳಿದೆ.

“ನಾಕು.”

ಪುಸ್ತಕ ತನ್ನ ತಲೆದಿಂಬಿನ ಕೆಳಗೇ ಇದೆ ಎಂಬುದು ಆಯಾ ಅವರಿಗೆ ಗೊತ್ತಿತ್ತು. ಲೆಕ್ಕ ತಪ್ಪುತ್ತದೆ ಎಂದು ಹೇಳಿದವರೇ ಅವರು. ಆದರೆ ಅಕ್ಕೋರು ಹೇಳಿ ಹೋಗುತ್ತೇನೆ ಎಂದಿದ್ದರಲ್ಲ. ನನ್ನ ಮಾತನ್ನು ನಂಬಿ ಕಾದರು. ನಾನು ಆಗ ಊರಿನ ಅಂಗಳದಲ್ಲಿ ಕಾಗೆ ಓಡಿಸುತ್ತ ಹಪ್ಪಳ ತಿರುವಿ ಹಾಕುತ್ತಿದ್ದೆ. ಇಷ್ಟು ವರ್ಷ ಕಳೆದರೂ ಬುಧವಾರದ ಸಂಜೆ ನನ್ನ ಕೈಗೆ ಕೆಲಸ ಹತ್ತುವುದಿಲ್ಲ.

ನಾಲ್ಕನೇ ಬುಧವಾರ ಕಳೆದು ಮರುದಿನ ಅವರು ಹೋದರು. ನಮ್ಮ ಸಭೆ ಎಲ್ಲಿ ಕೂಡುತ್ತದೆ ಎಂಬುದು ಗಾದಿಯವನಿಗೆ ತಿಳಿದಿರಲಿಲ್ಲ, ಪರೇಲ್ ಎಂದಷ್ಟೇ ಗೊತ್ತು. ಅವನು ಹತ್ತಿರದ ಒಂದು ಇಗರ್ಜಿಗೆ ಹೋಗಿ ಅಲ್ಲಿಯ ಪಾದ್ರಿಗಳ ಕಾಲು ಹಿಡಿದಿದ್ದಾನೆ. ಅವರು ಪ್ರಾರ್ಥನೆ ಮಾಡಿ, ತಮ್ಮ ಸ್ಮಶಾನದ ಮೂಲೆಯಲ್ಲಿ ಜಾಗ ಕೊಟ್ಟಿದ್ದಾರೆ. ಹೆಗಲು ಕೊಟ್ಟವರು ಗುಡ್ಡದ ನಾಲ್ಕು ಜನ. ಎಪ್ಪತ್ತು ಚಿಲ್ಲರೆ ಶಿಷ್ಯರಲ್ಲಿ ಒಬ್ಬರೂ ಇರಲಿಲ್ಲ.

ಅವಳು ಒಳಗೆ ಹೋಗಿ ಪುಸ್ತಕವನ್ನು ತಂದಳು. ಅದನ್ನು ಒಂದು ತೊಳೆದ ಬಟ್ಟೆಯಲ್ಲಿ ಸುತ್ತಿ, ತಮ್ಮ ಕುರಾನ್ ಇಟ್ಟಿದ್ದ ಹಲಗೆಯ ಮೇಲೇ ಇಟ್ಟಿದ್ದಳು. ದೇವರ ಪುಸ್ತಕ, ಎಲ್ಲೆಂದರಲ್ಲಿ ಇಡಬಾರದಲ್ಲ ಎಂದಳು. ಹಪ್ಪಳದ ಕಟ್ಟನ್ನು ಅವಳ ಕೈಗೆ ಕೊಟ್ಟೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ಮುಂದಿನ ಭಾನುವಾರ ಆ ಪುಸ್ತಕವನ್ನು ನಾನೇ ಗೂಡಿನಲ್ಲಿಟ್ಟೆ. ಆರಾಧನೆ ಮುಗಿದ ಮೇಲೆ ಎದ್ದು ನಿಂತು, ತಪ್ಪು ಹುಡುಗಿಯದಲ್ಲ, ನನ್ನದು ಎಂದು ಇಷ್ಟನ್ನೂ ಹೇಳಿದೆ. ಹೇಳುವಾಗ ಅಳಲಿಲ್ಲ, ಅಳುವ ಹಕ್ಕು ಇಲ್ಲ ಎನಿಸಿತ್ತು. ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ದೊಡ್ಡದಾಗಿ ಅತ್ತಳು. ಅಯ್ಯನವರು ಪೀಠದಿಂದ ಇಳಿದು ಬಂದು, “ಈ ತಪ್ಪಿನಲ್ಲಿ ನನಗೂ ಪಾಲಿದೆ. ನಾನು ಎದುರಿಗೇ ನಿಂತು ನಾಲ್ಕು ಭಾನುವಾರ ಆ ಬೆಂಚನ್ನು ನೋಡಿದ್ದೇನೆ” ಎಂದರು. ಅವರ ದನಿ ಎಂದಿನಂತೆ ಹಿಂದಿನವರಿಗೆ ಕೇಳಿಸಿರಲಾರದು. ಆಮೇಲೆ ಯಾರೂ ಎದ್ದು ಹೋಗಲಿಲ್ಲ. ಬೀರುವಿನ ಬಾಗಿಲು ತೆರೆದಿತ್ತು, ಅದರಲ್ಲಿ ಒಂದು ಪುಸ್ತಕ ಉಳಿದಿತ್ತು.

ಟೈಪಿಸ್ಟ್ ಹುಡುಗಿ ಹೋಗಿ ಅದನ್ನು ತೆಗೆದುಕೊಂಡಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. “ಚಲೋ ಅಕ್ಕಾ, ಇಬ್ಬರು ಹೋಗ್ಬೇಕಲ್ಲ” ಎಂದಳು.

ಬುಧವಾರ ಸಂಜೆ ಹೋದೆವು. ಮೊದಲು ಸ್ಮಶಾನದ ಮೂಲೆಗೆ, ಆಮೇಲೆ ಗುಡ್ಡಕ್ಕೆ. ಗಾದಿಯವನ ಹೆಂಡತಿ ಈ ಸಲ ಇಬ್ಬರನ್ನೂ ಎಣಿಸುವಂತೆ ನೋಡಿ ಒಳಗೆ ಕರೆದಳು. ಆ ಎರಡೇ ಕಪ್ಪುಗಳಲ್ಲಿ ಚಹಾ ಕೊಟ್ಟಳು. ಹುಡುಗಿ ಪುಸ್ತಕ ತೆರೆದು ಸಂಗೀತದ ಪುಟ ಹುಡುಕತೊಡಗಿದಳು. ಅಷ್ಟರಲ್ಲಿ ಗಾದಿಯವನ ಹೆಂಡತಿಯೇ, “ನನಗ ಬರ್ತೈತಿ ಜೀ. ದಿನಾ ಓದತಿದ್ಲು, ಅಕ್ಕೋರು ಬಂದ್ ಕೇಳ್ತಾರ ಅಂತ. ಕೇಳಿ ಕೇಳಿ ಬಾಯಿಪಾಠ ಆಗೇತಿ. ಒಪ್ಪಸಲೇನು?” ಎಂದಳು.

ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡು, ಕಣ್ಣು ಮುಚ್ಚಿ ಶುರುಮಾಡಿದಳು. ಮೊದಲ ಸಾಲು ಸಲೀಸಾಗಿ ಹೋಯಿತು. ಎರಡನೇ ಸಾಲಿನ ನಡುವೆ, ಆಯಾ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಳು. ಅಂಗೈಯಿಂದ ನೆಲಕ್ಕೆ ಒಂದು ಬಡಿದು, ಅದೂ ಸಂಗೀತದ್ದೇ ಒಂದು ಪದವೆಂಬಂತೆ, ಅದೇ ಭಕ್ತಿಯಿಂದ, “ಪುನಃ ಮೊದಲಿಂದ” ಎಂದಳು.

ಹುಡುಗಿ ನನ್ನ ಮುಖ ನೋಡಿದಳು. ನಾನು ತಿದ್ದಲಿಲ್ಲ. ಗಾದಿಯವನ ಹೆಂಡತಿ ಮತ್ತೆ ಮೊದಲ ಸಾಲಿನಿಂದ ಶುರುಮಾಡಿದಳು.